ಲೈಸೆನ್ಸ್ ಕೀ ತಪ್ಪಾದರೆ ತಪ್ಪು ಯಾರದು?

ಕೊಪ್ಪಳದಿಂದ ಹೊಸಪೇಟೆಯ ಕಡೆಗೆ ಹೊರಟರೆ ದಾರಿಯಲ್ಲಿ ಗಿಣಿಗೇರಾ ಸಿಗುತ್ತದೆ. ಊರಿನ ಸುತ್ತ ಉಕ್ಕಿನ ಕಾರ್ಖಾನೆಗಳು, ಗಂಗಾವತಿ ಕಡೆಗೆ ಹೊಸ ರೈಲು ಮಾರ್ಗ ಕವಲೊಡೆಯುವ ನಿಲ್ದಾಣ, ರಸ್ತೆಯುದ್ದಕ್ಕೂ ಲಾರಿಗಳು. ಅದಿರು ತುಂಬಿದ ಲಾರಿ ತೂಕವಾಗದೆ ಮುಂದಕ್ಕೆ ಹೋಗುವುದಿಲ್ಲ. ತೂಕ ಮಾಡುವ ವೇಬ್ರಿಡ್ಜ್ ಪಕ್ಕದಲ್ಲೊಂದು ಪುಟ್ಟ ಕೋಣೆ, ಅದರೊಳಗೊಂದು ಕಂಪ್ಯೂಟರ್, ಅದರಲ್ಲೊಂದು ಬಿಲ್ ಮಾಡುವ ತಂತ್ರಾಂಶ.

ಅಂಥ ಒಂದು ಕಂಪ್ಯೂಟರಿನ ಹಾರ್ಡ್ ಡಿಸ್ಕ್ ಬೆಳಿಗ್ಗೆಯೇ ಕೈಕೊಟ್ಟಿತು ಎಂದುಕೊಳ್ಳಿ. ಹೊಸ ಡಿಸ್ಕ್ ಬಂತು, ತಂತ್ರಾಂಶವನ್ನು ಮತ್ತೆ ಹಾಕಿದ್ದೂ ಆಯಿತು. ಈಗ ಪರದೆಯ ಮೇಲೆ ಐದು ಖಾಲಿ ಚೌಕಗಳು: 'ಲೈಸೆನ್ಸ್ ಕೀ ನಮೂದಿಸಿ'. ಹಳೆಯ ಬಿಲ್ಲಿನಲ್ಲಿದ್ದ ಕೀ ಅರ್ಧ ಅಳಿಸಿಹೋಗಿದೆ. ಆಪರೇಟರ್ ಬೆಂಗಳೂರಿನ ಸಹಾಯವಾಣಿಗೆ ಫೋನ್ ಮಾಡುತ್ತಾರೆ. ಅತ್ತ ಕಡೆಯವರು ಒಂದೊಂದೇ ಅಕ್ಷರ ಹೇಳುತ್ತಾ ಹೋಗುತ್ತಾರೆ.

"ಸರ, ಆರ ಅಂದ್ರಿ. ಅದು ಅಂಕಿ ಆರೋ, ಎಬಿಸಿಡಿ ಒಳಗಿನ ಆರೋ?"

"ಆರ್ ಸರ್, ಆರ್."

ಇಪ್ಪತ್ತೈದು ಅಕ್ಷರ ಮುಗಿದ ಮೇಲೆ ಬರುವ ಉತ್ತರ 'ಅಮಾನ್ಯ ಕೀ'. ಎಲ್ಲಿ ತಪ್ಪಾಯಿತು, ಏನು ತಪ್ಪಾಯಿತು, ಒಂದೂ ಇಲ್ಲ. ಹೊರಗೆ ಲಾರಿಯವರು ಹಾರ್ನ್ ಹೊಡೆಯುತ್ತಿದ್ದಾರೆ. 'ನನಗೆ ಕಂಪ್ಯೂಟರ್ ಸರಿಯಾಗಿ ಬರೂದಿಲ್ಲ' ಎಂದು ಆಪರೇಟರ್ ತಮ್ಮನ್ನೇ ಹಳಿದುಕೊಳ್ಳುತ್ತಾರೆ.

ಈ ಕಡೆಯ ಮಾತನ್ನು ನಾವು ಬಹಳ ಜನರ ಬಾಯಲ್ಲಿ ಕೇಳುತ್ತೇವೆ. ಅದು ನಿಜವೇ? ಬಹುಪಾಲು ಸಂದರ್ಭಗಳಲ್ಲಿ ಅಲ್ಲ. ತಪ್ಪಿರುವುದು ಕೀ ಬೆರಳಚ್ಚಿಸಿದವರಲ್ಲಿ ಅಲ್ಲ. ಆ ಕೀಯನ್ನೂ ಅದನ್ನು ತುಂಬುವ ಫಾರ್ಮನ್ನೂ ರೂಪಿಸಿದವರಲ್ಲಿ. ಹೇಗೆ ಎಂದು ನೋಡೋಣ.

ಲೈಸೆನ್ಸ್ ಕೀ ಅಂದರೆ ಏನು?

ಹಣ ಕೊಟ್ಟು ಕೊಂಡ ತಂತ್ರಾಂಶವನ್ನು ಬಳಸಲು ನಿಮಗೆ ಹಕ್ಕಿದೆ ಎಂದು ತೋರಿಸುವ ಅಕ್ಷರ-ಅಂಕಿಗಳ ಸಾಲೇ ಲೈಸೆನ್ಸ್ ಕೀ. ಸಿನಿಮಾ ಟಿಕೆಟ್ಟಿನ ಹಾಗೆ. ಬೀಗದ ಕೈ ಎಂಬ ಅರ್ಥದ ಹೆಸರು ಅದಕ್ಕಿದ್ದರೂ ಕೆಲಸ ಟಿಕೆಟ್ಟಿನದೇ. ಟಿಕೆಟ್ ಅಸಲಿಯೇ ಎಂದು ನೋಡಲು ಎರಡು ದಾರಿಗಳಿವೆ. ಒಂದು, ಅಂತರಜಾಲದ ಮೂಲಕ ಕಂಪನಿಯ ಸರ್ವರನ್ನು ಕೇಳುವುದು: 'ಈ ನಂಬರನ್ನು ನೀವು ಮಾರಿದ್ದೀರಾ?' ಇನ್ನೊಂದು, ಕೀಯೊಳಗೇ ಕಂಪನಿಯ ಡಿಜಿಟಲ್ ಸಹಿಯನ್ನು ಅಡಗಿಸಿಟ್ಟು, ತಂತ್ರಾಂಶವೇ ಅದನ್ನು ಪರೀಕ್ಷಿಸುವುದು. ಎರಡನೆಯ ದಾರಿಗೆ ಇಂಟರ್ನೆಟ್ ಬೇಡ, ಆದರೆ ಸಹಿಯನ್ನು ಹಿಡಿಸಲು ಕೀ ಉದ್ದವಾಗಲೇಬೇಕು.

ಕೀ ಬರುವ ಮುಂಚೆ ನಮ್ಮ ಮುದ್ರಣಾಲಯ, ಡಿಟಿಪಿ ಅಂಗಡಿಗಳಲ್ಲಿ ಬೇರೆಯೇ ವ್ಯವಸ್ಥೆ ಇತ್ತು. ಶ್ರೀಲಿಪಿಯಂಥ ತಂತ್ರಾಂಶ ಕೊಂಡರೆ ಜೊತೆಗೊಂದು 'ಲಾಕ್' ಕೊಡುತ್ತಿದ್ದರು. ಅದನ್ನು ಕಂಪ್ಯೂಟರಿನ ಹಿಂದಿನ ಪೋರ್ಟಿಗೆ ಚುಚ್ಚಿದರಷ್ಟೇ ಅಕ್ಷರ ಮೂಡುತ್ತಿತ್ತು. ಟೈಪ್ ಮಾಡುವಾಗ ತಪ್ಪುವ ಮಾತೇ ಇಲ್ಲ. ಆದರೆ ಲಾಕ್ ಕಳೆದರೆ ತಂತ್ರಾಂಶವೇ ಕಳೆದಂತೆ, ಹೊಸ ಕಂಪ್ಯೂಟರಿನಲ್ಲಿ ಆ ಹಳೆಯ ಪೋರ್ಟ್ ಇಲ್ಲದಿದ್ದರೆ ಇನ್ನೊಂದು ತಲೆನೋವು. ನುಡಿಯನ್ನು ಬಳಸುವವರಿಗೆ ಈ ಯಾವ ಗೋಜೂ ಇಲ್ಲ, ಅದು ಉಚಿತ.

ಕಣ್ಣು ಮಾಡುವ ಮೋಸ

ಸೊನ್ನೆ ಮತ್ತು ಇಂಗ್ಲಿಷಿನ ಓ. ಒಂದು, ದೊಡ್ಡ ಐ, ಸಣ್ಣ ಎಲ್. ಐದು ಮತ್ತು ಎಸ್. ಎರಡು ಮತ್ತು ಝಡ್. ಎಂಟು ಮತ್ತು ಬಿ. ಮಾಸಿದ ಬಿಲ್ಲಿನ ಮೇಲೆ ಇವನ್ನು ಬೇರ್ಪಡಿಸುವುದು ಒಳ್ಳೆಯ ಕಣ್ಣಿದ್ದವರಿಗೂ ಕಷ್ಟ. ಬ್ಯಾಂಕಿನ ಐಎಫ್‌ಎಸ್‌ಸಿ ಕೋಡ್ ಬರೆಯುವಾಗ ನೀವೂ ಇದನ್ನು ಅನುಭವಿಸಿರಬಹುದು. ಅದರ ಹನ್ನೊಂದು ಸ್ಥಾನಗಳಲ್ಲಿ ಐದನೆಯದು ಯಾವಾಗಲೂ ಸೊನ್ನೆಯೇ, ಓ ಅಲ್ಲ. ಆದರೂ ಓ ಬರೆಯುವವರು ಎಷ್ಟೋ ಮಂದಿ.

ಇಲ್ಲೊಂದು ಪ್ರಶ್ನೆ. ಐದನೆಯ ಸ್ಥಾನದಲ್ಲಿ ಸೊನ್ನೆ ಬಿಟ್ಟು ಬೇರೇನೂ ಬರುವಂತಿಲ್ಲ ಎಂದ ಮೇಲೆ, ಯಾರಾದರೂ ಓ ಬರೆದರೆ ಫಾರ್ಮ್ ತಾನೇ ಅದನ್ನು ಸೊನ್ನೆ ಮಾಡಿಕೊಳ್ಳಬಾರದೇ? ಖಂಡಿತ ಮಾಡಿಕೊಳ್ಳಬಹುದು. ಪ್ಯಾನ್ ನಂಬರಿನಲ್ಲೂ ಹಾಗೆಯೇ: ಮೊದಲ ಐದು ಅಕ್ಷರ, ನಂತರ ನಾಲ್ಕು ಅಂಕಿ, ಕೊನೆಗೊಂದು ಅಕ್ಷರ. ಆರರಿಂದ ಒಂಬತ್ತನೆಯ ಸ್ಥಾನದವರೆಗೆ ಓ ಬಂದರೆ ಅದು ಸೊನ್ನೆಯೇ ಆಗಿರಬೇಕು. ಕಂಪ್ಯೂಟರಿಗೆ ಇದು ಕ್ಷಣದ ಕೆಲಸ. ಅದನ್ನು ಮನುಷ್ಯನ ತಲೆಗೆ ಕಟ್ಟುವುದು ಸೋಮಾರಿತನ ಎಂದೇ ನಾವು ಹೇಳುತ್ತೇವೆ.

ಕೀಯನ್ನು ಹೊಸದಾಗಿ ರೂಪಿಸುವವರಿಗೆ ಇನ್ನೂ ಸುಲಭದ ದಾರಿಯಿದೆ: ಗೊಂದಲ ಹುಟ್ಟಿಸುವ ಅಕ್ಷರಗಳನ್ನು ಬಳಸದಿರುವುದು. ವಿಂಡೋಸ್ ಎಕ್ಸ್‌ಪಿ ಕಾಲದ 25 ಅಕ್ಷರಗಳ ಕೀಯನ್ನು ನೋಡಿದರೆ ಅದರಲ್ಲಿ 24 ಚಿಹ್ನೆಗಳಷ್ಟೇ ಬರುತ್ತವೆ: ಬಿ, ಸಿ, ಡಿ, ಎಫ್, ಜಿ, ಎಚ್, ಜೆ, ಕೆ, ಎಂ, ಪಿ, ಕ್ಯೂ, ಆರ್, ಟಿ, ವಿ, ಡಬ್ಲ್ಯೂ, ಎಕ್ಸ್, ವೈ, ಜೊತೆಗೆ 2, 3, 4, 6, 7, 8, 9. ಸೊನ್ನೆಯೂ ಇಲ್ಲ, ಓ ಕೂಡ ಇಲ್ಲ. ಒಂದಿಲ್ಲ, ಐ ಇಲ್ಲ, ಎಲ್ ಇಲ್ಲ. ಸ್ವರಾಕ್ಷರಗಳೇ ಇಲ್ಲದ್ದರಿಂದ ಕೀಯೊಳಗೆ ಅಕಸ್ಮಾತ್ತಾಗಿ ಬೈಗುಳ ಮೂಡುವ ಸಾಧ್ಯತೆಯೂ ಕಡಿಮೆ. ಆದರೂ ಬಿ ಮತ್ತು ಎಂಟು ಎರಡೂ ಉಳಿದುಕೊಂಡಿವೆ, ಜಿ ಮತ್ತು ಆರು ಕೂಡ.

ಡಗ್ಲಸ್ ಕ್ರಾಕ್‌ಫರ್ಡ್ ಎಂಬ ಅಮೆರಿಕದ ತಂತ್ರಜ್ಞ ಸೂಚಿಸಿದ 32 ಚಿಹ್ನೆಗಳ ಪಟ್ಟಿ ಇನ್ನೊಂದು ಹೆಜ್ಜೆ ಮುಂದೆ ಹೋಗುತ್ತದೆ. ಅದರಲ್ಲಿ ಐ, ಎಲ್, ಓ, ಯು ಇಲ್ಲ. ಆದರೆ ಯಾರಾದರೂ ಓ ಒತ್ತಿದರೆ ತಪ್ಪು ಎನ್ನುವುದಿಲ್ಲ, ಸೊನ್ನೆ ಎಂದು ಓದಿಕೊಳ್ಳುತ್ತದೆ. ಐ ಅಥವಾ ಎಲ್ ಒತ್ತಿದರೆ ಒಂದು ಎಂದು ಓದಿಕೊಳ್ಳುತ್ತದೆ. ಬಳಸುವವರಿಗೆ ತಾವು ತಪ್ಪು ಮಾಡಿದ್ದೇ ತಿಳಿಯುವುದಿಲ್ಲ!

ಕಿವಿ ಮಾಡುವ ಮೋಸ

ಇಲ್ಲಿಯವರೆಗಿನದು ಇಂಗ್ಲಿಷಿನಲ್ಲಿ ಬರೆದ ಯಾವುದೇ ಕೈಪಿಡಿಯಲ್ಲಿ ಸಿಗುತ್ತದೆ. ಸಿಗದೇ ಇರುವುದು ಗಿಣಿಗೇರಾದ ಆ ಫೋನ್ ಕರೆಯ ಸಮಸ್ಯೆ.

ಕೀಯನ್ನು ಫೋನಿನಲ್ಲಿ ಹೇಳುವಾಗ ಬಿ, ಡಿ, ಪಿ, ಟಿ, ವಿ ಒಂದಕ್ಕೊಂದು ಬೆರೆಯುತ್ತವೆ ಎಂಬುದು ಜಗತ್ತಿಗೇ ಗೊತ್ತು. ಅದಕ್ಕಾಗಿಯೇ ವಿಮಾನ ಚಾಲಕರು ಆಲ್ಫಾ, ಬ್ರಾವೋ, ಚಾರ್ಲಿ ಎನ್ನುತ್ತಾರೆ; ನಮ್ಮವರು 'ಬಿ ಫಾರ್ ಬಾಂಬೆ, ಡಿ ಫಾರ್ ಡೆಲ್ಲಿ' ಎನ್ನುತ್ತಾರೆ. ಆದರೆ ಕನ್ನಡದಲ್ಲಿ ಅಂಕಿ ಹೇಳಿ ಇಂಗ್ಲಿಷಿನಲ್ಲಿ ಅಕ್ಷರ ಹೇಳುವ ನಮಗೆ ಬೇರೆಯೇ ಜೋಡಿಗಳು ಕಾಡುತ್ತವೆ. ಆರ್ ಎಂಬ ಅಕ್ಷರ, ಆರು ಎಂಬ ಅಂಕಿ. ಐ ಎಂಬ ಅಕ್ಷರ, ಐದು ಎಂಬ ಅಂಕಿ. ಎಂ ಮತ್ತು ಎಂಟು. ಎಲ್ ಮತ್ತು ಏಳು. ಉತ್ತರ ಕರ್ನಾಟಕದ ಮಾತಿನಲ್ಲಿ ಅಂಕಿಯ ಕೊನೆಯ ಉಕಾರ ಬಿದ್ದುಹೋಗಿ ಆರ, ಏಳ, ಎಂಟ ಆಗುತ್ತದೆ. ಆಗ ಆರ್‌ಗೂ ಆರಕ್ಕೂ ಇರುವ ಅಂತರ ಇಲ್ಲವೆನ್ನುವಷ್ಟು ಸಣ್ಣದು. ಮೇಲೆ ಹೇಳಿದ 24 ಚಿಹ್ನೆಗಳಲ್ಲಿ ಆರ್ ಮತ್ತು 6 ಎರಡೂ ಇವೆ, ಎಂ ಮತ್ತು 8 ಎರಡೂ ಇವೆ. ಅಮೆರಿಕದವರ ಕಿವಿಗೆ ಅದು ತೊಂದರೆಯೇ ಅಲ್ಲ.

ಆದ್ದರಿಂದ ಕರ್ನಾಟಕದಲ್ಲಿ ಅಂಗಡಿ, ಆಸ್ಪತ್ರೆ, ಸಹಕಾರ ಸಂಘಗಳಿಗೆಂದು ತಂತ್ರಾಂಶ ಮಾಡುವವರಿಗೆ ನಮ್ಮದೊಂದು ಸಲಹೆ: ಅಕ್ಷರಗಳನ್ನು ಪೂರ್ತಿ ಬಿಟ್ಟುಬಿಡಿ. ಅಂಕಿಗಳು ಮಾತ್ರ ಸಾಕು.

ಇದು ಹೊಸ ಯೋಚನೆಯೇನಲ್ಲ. ಮೊಬೈಲ್ ರೀಚಾರ್ಜ್‌ಗೆ ಸ್ಕ್ರಾಚ್ ಕಾರ್ಡ್ ಇದ್ದ ಕಾಲ ನೆನಪಿದೆಯೇ? ಬೆಳ್ಳಿ ಬಣ್ಣದ ಪಟ್ಟಿಯನ್ನು ನಾಣ್ಯದಿಂದ ಕೆರೆದು, ಅಷ್ಟುದ್ದದ ಅಂಕಿಗಳ ಸಾಲನ್ನು ಪುಟ್ಟ ಕೀಪ್ಯಾಡಿನಲ್ಲಿ ಒತ್ತುತ್ತಿದ್ದೆವು. ಕಂಪ್ಯೂಟರನ್ನೇ ಮುಟ್ಟದ, ಇಂಗ್ಲಿಷ್ ಓದಲು ಬಾರದ ಎಷ್ಟೋ ಹಿರಿಯರು ಆ ಕೆಲಸವನ್ನು ಸಲೀಸಾಗಿ ಮಾಡಿದ್ದಾರೆ. ದಕ್ಷಿಣ ಆಫ್ರಿಕಾದಲ್ಲಿ ಹುಟ್ಟಿ ಹಲವು ದೇಶಗಳಿಗೆ ಹರಡಿದ ಪ್ರಿಪೇಯ್ಡ್ ವಿದ್ಯುತ್ ಮೀಟರಿನ ಟೋಕನ್ ಕೂಡ ಇಪ್ಪತ್ತು ಅಂಕಿಗಳದ್ದೇ. ನಾಲ್ಕು ನಾಲ್ಕರಂತೆ ಐದು ಗುಂಪು. ಅಲ್ಲಿ ಟೋಕನ್ ತಪ್ಪಾದರೆ ಮನೆಗೆ ದೀಪವಿಲ್ಲ.

ಅಂಕಿ ಮಾತ್ರ ಇದ್ದರೆ ಭದ್ರತೆ ಕಡಿಮೆಯಲ್ಲವೇ?

'ಕೀ ಉದ್ದವಿದ್ದಷ್ಟೂ, ಜಟಿಲವಾದಷ್ಟೂ ಭದ್ರ' ಎಂಬುದು ಬಹಳ ಪ್ರಚಲಿತ ನಂಬಿಕೆ. ಸ್ವಲ್ಪ ಲೆಕ್ಕ ಹಾಕೋಣ.

ಇಪ್ಪತ್ತು ಅಂಕಿಯ ಕೀಯಲ್ಲಿ ಕೊನೆಯದನ್ನು ತಾಳೆ ನೋಡಲು ಇಟ್ಟುಕೊಂಡರೂ 19 ಅಂಕಿ ಉಳಿಯುತ್ತವೆ. ಅಂದರೆ ಒಂದರ ಮುಂದೆ 19 ಸೊನ್ನೆ ಇಟ್ಟಷ್ಟು ಬೇರೆ ಬೇರೆ ಕೀಗಳು ಸಾಧ್ಯ. ನಿಮ್ಮ ತಂತ್ರಾಂಶಕ್ಕೆ ಹತ್ತು ಲಕ್ಷ ಗ್ರಾಹಕರಿದ್ದಾರೆ ಎಂದುಕೊಂಡರೂ, ಯಾರಾದರೂ ಕಣ್ಣುಮುಚ್ಚಿ ಒಂದು ಕೀ ಒತ್ತಿದಾಗ ಅದು ಅಸಲಿ ಕೀಯಾಗಿರುವ ಸಾಧ್ಯತೆ ಹತ್ತು ಲಕ್ಷ ಕೋಟಿಯಲ್ಲಿ ಒಂದು. ಒಂದು ಕಂಪ್ಯೂಟರಿನಿಂದ ಗಂಟೆಗೆ ಹತ್ತು ಪ್ರಯತ್ನಗಳಿಗಷ್ಟೇ ಸರ್ವರ್ ಅವಕಾಶ ಕೊಟ್ಟರೆ, ಅದೃಷ್ಟ ಖುಲಾಯಿಸಲು ಸರಾಸರಿ ಹನ್ನೊಂದು ಕೋಟಿ ವರ್ಷ ಬೇಕು. ಕಳ್ಳ ಅಷ್ಟು ಕಾಯುವುದಿಲ್ಲ.

ಈ ಲೆಕ್ಕಕ್ಕೆ ಎರಡು ಷರತ್ತು. ಕೀ ಅಸಲಿಯೇ ಎಂದು ತೀರ್ಮಾನಿಸುವುದು ಸರ್ವರ್ ಆಗಿರಬೇಕು, ಮತ್ತು ಕೀಯ ಅಂಕಿಗಳು ನಿಜವಾಗಿ ಯಾದೃಚ್ಛಿಕವಾಗಿರಬೇಕು, ಅಂದರೆ ಒಂದು ಕೀ ನೋಡಿ ಇನ್ನೊಂದನ್ನು ಊಹಿಸಲು ಆಗಬಾರದು. ಎರಡನೆಯದನ್ನು ಮರೆತರೆ ಏನಾಗುತ್ತದೆ ಎಂಬುದಕ್ಕೆ ವಿಂಡೋಸ್ 95 ಪ್ರಸಿದ್ಧ ಉದಾಹರಣೆ. ಅಂಗಡಿಯಲ್ಲಿ ಮಾರುತ್ತಿದ್ದ ಅದರ ಸಿಡಿಯ ಕೀಯಲ್ಲಿ ಮೊದಲು ಮೂರು, ನಂತರ ಏಳು ಅಂಕಿ. ಆ ಏಳು ಅಂಕಿಗಳ ಮೊತ್ತ ಏಳರಿಂದ ಭಾಗವಾದರೆ ಸರಿ ಎಂಬುದೇ ಅದರ ಮುಖ್ಯ ಪರೀಕ್ಷೆ. ಹಾಗಾಗಿ ಎಲ್ಲ ಅಂಕಿಯೂ ಒಂದೇ ಆಗಿದ್ದ 111-1111111 ಎಂಬ ಕೀ ಕೂಡ ಒಪ್ಪಿಗೆಯಾಗುತ್ತಿತ್ತು! ಅಲ್ಲಿದ್ದದ್ದು ಬೀಗವಲ್ಲ, ಬರೀ ತಾಳೆ.

ಇಂಟರ್ನೆಟ್ ಇಲ್ಲದ ಜಾಗಕ್ಕೆ ಡಿಜಿಟಲ್ ಸಹಿ ಬೇಕೆಂದರೆ? ಆಗ ಕೀ ಉದ್ದವಾಗುತ್ತದೆ ಎಂದೆವಲ್ಲ. ಅಂಥದ್ದನ್ನು ಟೈಪ್ ಮಾಡಿಸುವ ಬದಲು ಒಂದು ಪುಟ್ಟ ಲೈಸೆನ್ಸ್ ಫೈಲ್ ಮಾಡಿ ಪೆನ್ ಡ್ರೈವಿನಲ್ಲೋ ಇಮೇಲಿನಲ್ಲೋ ಕೊಟ್ಟುಬಿಡಬಹುದು, ಅಥವಾ ಕ್ಯೂಆರ್ ಕೋಡ್ ಮುದ್ರಿಸಬಹುದು.

ತಾಳೆ ಅಂಕಿಯ ಚಮತ್ಕಾರ

ನಿಮ್ಮ ಎಟಿಎಂ ಕಾರ್ಡಿನ ಕೊನೆಯ ಅಂಕಿ, ಮೊಬೈಲಿನ ಐಎಂಇಐ ಸಂಖ್ಯೆಯ ಕೊನೆಯ ಅಂಕಿ, ಆಧಾರ್‌ನ ಹನ್ನೆರಡನೆಯ ಅಂಕಿ, ವ್ಯಾಪಾರಿಗಳ ಜಿಎಸ್‌ಟಿ ಸಂಖ್ಯೆಯ ಹದಿನೈದನೆಯ ಚಿಹ್ನೆ: ಇವೆಲ್ಲ ಸುಮ್ಮನೆ ಬಂದವಲ್ಲ. ಹಿಂದಿನ ಅಂಕಿಗಳಿಂದ ಲೆಕ್ಕ ಹಾಕಿ ಪಡೆದ ಚೆಕ್ ಡಿಜಿಟ್‌ಗಳು. ನಾವಿಲ್ಲಿ ತಾಳೆ ಅಂಕಿ ಎನ್ನೋಣ.

ಕಾರ್ಡುಗಳಲ್ಲಿ ಬಳಸುವ ವಿಧಾನವನ್ನು ಐಬಿಎಂನಲ್ಲಿದ್ದ ಹ್ಯಾನ್ಸ್ ಪೀಟರ್ ಲೂನ್ ರೂಪಿಸಿದ್ದು. ಅದರ ಪೇಟೆಂಟ್ ಅರ್ಜಿ 1954ರದ್ದು. ಪೆನ್ನು ಹಿಡಿದು ನೀವೇ ಮಾಡಿ ನೋಡಬಹುದು. 2964 ಎಂಬ ಸಂಖ್ಯೆ ತೆಗೆದುಕೊಳ್ಳಿ. ಬಲಗಡೆಯಿಂದ ಆರಂಭಿಸಿ ಒಂದು ಬಿಟ್ಟು ಒಂದನ್ನು ಇಮ್ಮಡಿ ಮಾಡಿ. ನಾಲ್ಕು ಎಂಟಾಯಿತು. ಆರು ಹಾಗೇ ಇರಲಿ. ಒಂಬತ್ತು ಹದಿನೆಂಟಾಯಿತು, ಎರಡಂಕಿ ಬಂದರೆ ಅವನ್ನು ಕೂಡಿಸಬೇಕು, ಹಾಗಾಗಿ ಒಂಬತ್ತು. ಎರಡು ಹಾಗೇ ಇರಲಿ. ಮೊತ್ತ 8+6+9+2, ಅಂದರೆ 25. ಮುಂದಿನ ಹತ್ತರ ಗುಣಕವಾದ 30ಕ್ಕೆ ಇನ್ನೂ ಐದು ಬೇಕು. ಆ ಐದೇ ತಾಳೆ ಅಂಕಿ. ಪೂರ್ಣ ಸಂಖ್ಯೆ 29645.

ಈಗ ಯಾರೋ ಗಡಿಬಿಡಿಯಲ್ಲಿ ಆರು-ನಾಲ್ಕನ್ನು ಅದಲುಬದಲು ಮಾಡಿ 29465 ಒತ್ತಿದರು. ಅದೇ ಲೆಕ್ಕ ಮಾಡಿದರೆ 3+4+9+2 ಸೇರಿ 18, ತಾಳೆ ಅಂಕಿ ಸೇರಿಸಿದರೆ 23. ಹತ್ತರಿಂದ ಭಾಗವಾಗುವುದಿಲ್ಲ. ತಪ್ಪು ಅಲ್ಲೇ ಸಿಕ್ಕಿಬಿತ್ತು, ಸರ್ವರನ್ನು ಕೇಳುವ ಅಗತ್ಯವೇ ಬೀಳಲಿಲ್ಲ. ಲೂನ್ ವಿಧಾನಕ್ಕೆ ಒಂದು ಸಣ್ಣ ಕುರುಡು ಇದೆ: ಪಕ್ಕಪಕ್ಕದ 09 ಮತ್ತು 90 ಅದಲುಬದಲಾದರೆ ಗೊತ್ತಾಗುವುದಿಲ್ಲ. ಡಚ್ ಗಣಿತಜ್ಞ ಯಾಕೋಬಸ್ ವೆರ್ಹೂಫ್ 1969ರಲ್ಲಿ ಪ್ರಕಟಿಸಿದ ವಿಧಾನಕ್ಕೆ ಆ ಕುರುಡೂ ಇಲ್ಲ. ಒಂದು ಅಂಕಿ ತಪ್ಪಿದರೂ, ಪಕ್ಕದ ಎರಡು ಅಂಕಿ ಸ್ಥಾನ ಬದಲಿಸಿದರೂ ಅದು ಹಿಡಿದೇ ಹಿಡಿಯುತ್ತದೆ. ನಮ್ಮ ಆಧಾರ್‌ನಲ್ಲಿ ಬಳಸುವುದು ಇದನ್ನೇ.

ಮನುಷ್ಯರು ಎಂಥ ತಪ್ಪು ಮಾಡುತ್ತಾರೆ ಎಂಬುದನ್ನು ವೆರ್ಹೂಫ್ ಊಹಿಸಲಿಲ್ಲ, ನಿಜವಾದ ತಪ್ಪುಗಳನ್ನು ಕಲೆಹಾಕಿ ಎಣಿಸಿದರು. ಸುಮಾರು ನೂರಕ್ಕೆ 79 ಒಂದೇ ಅಂಕಿಯ ತಪ್ಪುಗಳು, ಸುಮಾರು ಹತ್ತು ಅಕ್ಕಪಕ್ಕದ ಅಂಕಿಗಳ ಅದಲುಬದಲು. ಅಂದರೆ ಹತ್ತರಲ್ಲಿ ಒಂಬತ್ತರಷ್ಟು ತಪ್ಪುಗಳನ್ನು ಒಂದೇ ಒಂದು ಹೆಚ್ಚುವರಿ ಅಂಕಿ ಕೊಟ್ಟು ಹಿಡಿಯಬಹುದು.

ತಾಳೆ ಅಂಕಿಯನ್ನು ಭದ್ರತೆ ಎಂದು ಮಾತ್ರ ತಿಳಿಯಬೇಡಿ. ಅದರ ಲೆಕ್ಕ ಎಲ್ಲರಿಗೂ ತೆರೆದದ್ದು. ಅದು ಕಾಯುವುದು ಕಳ್ಳನಿಂದಲ್ಲ, ಕೈತಪ್ಪಿನಿಂದ. ಆದ್ದರಿಂದಲೇ ಇನ್ನೊಂದು ಲಾಭ: ತಾಳೆಯಾಗದ ಕೀಯನ್ನು ಸರ್ವರಿಗೆ ಕಳಿಸಲೇ ಬೇಕಿಲ್ಲ, ಹಾಗಾಗಿ ಅದನ್ನು ಗಂಟೆಗೆ ಹತ್ತು ಪ್ರಯತ್ನಗಳ ಲೆಕ್ಕಕ್ಕೆ ಸೇರಿಸಬೇಕಿಲ್ಲ. ಎರಡು ಬಾರಿ ಬೆರಳು ಜಾರಿದ ಆಪರೇಟರ್ 'ನಿಮ್ಮ ಖಾತೆ ತಡೆಹಿಡಿಯಲಾಗಿದೆ' ಎಂಬ ಶಿಕ್ಷೆಗೆ ಗುರಿಯಾಗುವುದಿಲ್ಲ.

ಐದು ಚೌಕಗಳೋ, ಒಂದು ಪಟ್ಟಿಯೋ?

ಕೀಯನ್ನು ಗುಂಪು ಮಾಡಿ ಮುದ್ರಿಸುವುದು ಒಳ್ಳೆಯದೇ. 'ಮನುಷ್ಯನಿಗೆ ಒಮ್ಮೆಗೆ ಏಳು ವಿಷಯ ನೆನಪಿರುತ್ತವೆ' ಎಂಬ ಮಾತನ್ನು ನೀವು ಕೇಳಿರಬಹುದು. ಮನಶ್ಶಾಸ್ತ್ರಜ್ಞ ಜಾರ್ಜ್ ಮಿಲ್ಲರ್ 1956ರಲ್ಲಿ ಬರೆದ ಲೇಖನದ ಶೀರ್ಷಿಕೆಯಿಂದ ಅದು ಹಬ್ಬಿತು. ನಂತರ ನೆಲ್ಸನ್ ಕೋವನ್ 2001ರಲ್ಲಿ ಅದನ್ನು ಮರುಪರಿಶೀಲಿಸಿ, ಗಟ್ಟಿಯಾಗಿ ಹಿಡಿದಿಡಲು ಆಗುವುದು ಸುಮಾರು ನಾಲ್ಕು ಎಂದರು. ಬಿಲ್ಲು ನೋಡಿ, ತಲೆಯೆತ್ತಿ, ಟೈಪ್ ಮಾಡಿ, ಮತ್ತೆ ಬಿಲ್ಲಿಗೆ ಕಣ್ಣು ಹಾಯಿಸುವವರಿಗೆ ನಾಲ್ಕರ ಗುಂಪು ಹಿತ. ಆಧಾರ್ ಸಂಖ್ಯೆಯನ್ನು ನಾಲ್ಕು-ನಾಲ್ಕು-ನಾಲ್ಕು ಎಂದು ಮುದ್ರಿಸುವುದನ್ನು ನೋಡಿದ್ದೀರಿ.

ಆದರೆ ಮುದ್ರಣದಲ್ಲಿ ಗುಂಪು ಇದೆ ಎಂದು ಪರದೆಯ ಮೇಲೂ ಐದು ಬೇರೆ ಬೇರೆ ಚೌಕ ಇಡಬೇಕೆಂದೇನಿಲ್ಲ. ವಾಟ್ಸಾಪಿನಲ್ಲಿ ಬಂದ ಕೀಯನ್ನು ನಕಲು ಮಾಡಿ ಮೊದಲ ಚೌಕದಲ್ಲಿ ಅಂಟಿಸಿದರೆ ಮೊದಲ ಗುಂಪು ಮಾತ್ರ ಉಳಿದು ಮಿಕ್ಕದ್ದು ಮಾಯ. ಮಧ್ಯದ ಒಂದು ಅಂಕಿ ಬಿಟ್ಟುಹೋದರೆ ಹಿಂದಕ್ಕೆ ಹೋಗಿ ಸೇರಿಸುವುದೂ ಸರ್ಕಸ್. ಪರದೆಯನ್ನು ಓದಿ ಹೇಳುವ ತಂತ್ರಾಂಶ ಬಳಸುವ ಅಂಧರಿಗೆ ಹೆಸರಿಲ್ಲದ ಐದು ಖಾನೆಗಳು ಎದುರಾಗುತ್ತವೆ. ಒಂದೇ ಉದ್ದನೆಯ ಪಟ್ಟಿ ಇಡಿ. ಟೈಪ್ ಮಾಡುತ್ತಾ ಹೋದಂತೆ ನಾಲ್ಕಕ್ಕೊಂದು ಜಾಗವನ್ನು ಅದೇ ಬಿಟ್ಟುಕೊಳ್ಳಲಿ.

ಅಂಟಿಸುವುದನ್ನೇ ತಡೆಯುವ ಫಾರ್ಮುಗಳೂ ಇವೆ, 'ಭದ್ರತೆಗಾಗಿ' ಎಂಬ ಸಬೂಬಿನೊಂದಿಗೆ. ಪಾಸ್‌ವರ್ಡಿನ ವಿಷಯದಲ್ಲೇ ಬ್ರಿಟನ್ನಿನ ರಾಷ್ಟ್ರೀಯ ಸೈಬರ್ ಭದ್ರತಾ ಕೇಂದ್ರ 2017ರಲ್ಲಿ 'ಅಂಟಿಸಲು ಬಿಡಿ' ಎಂದಿತು. ಅಮೆರಿಕದ ಮಾನಕ ಸಂಸ್ಥೆ ನಿಸ್ಟ್ ಕೂಡ ಅದೇ ವರ್ಷದ ತನ್ನ ಮಾರ್ಗಸೂಚಿಯಲ್ಲಿ ಅದನ್ನೇ ಹೇಳಿತು. ಲೈಸೆನ್ಸ್ ಕೀಗಂತೂ ಯಾವ ನೆಪವೂ ಇಲ್ಲ. ಒತ್ತಿದ ಅಂಕಿಗಳನ್ನು ಚುಕ್ಕೆಗಳಲ್ಲಿ ಮರೆಮಾಚುವುದೂ ಅಷ್ಟೇ ಅರ್ಥಹೀನ. ಬಿಲ್ಲಿನ ಮೇಲೆ ಅಚ್ಚಾಗಿರುವುದನ್ನು ಪರದೆಯ ಮೇಲೆ ಯಾರಿಂದ ಬಚ್ಚಿಡಬೇಕು?

ಕನ್ನಡ ಕೀಲಿಮಣೆಯ ಒಂದು ಪ್ರತ್ಯೇಕ ಸಂಕಟ

ಆಪರೇಟರ್ ಸ್ವಲ್ಪ ಮುಂಚೆ ನುಡಿಯಲ್ಲಿ ಪತ್ರವೊಂದನ್ನು ಬರೆದಿದ್ದಾರೆ. ಕೀಲಿಮಣೆ ಇನ್ನೂ ಕನ್ನಡದಲ್ಲೇ ಇದೆ. ಈಗ ಕೀಯಲ್ಲಿನ ಕೆ ಒತ್ತಿದರೆ 'ಕ' ಮೂಡುತ್ತದೆ, ಬಿ ಒತ್ತಿದರೆ 'ಬ'. ಕನ್ನಡ ಅಂಕಿಗಳ ಆಯ್ಕೆ ಇದ್ದರೆ ಒಂದು ಒತ್ತಿದಾಗ '೧' ಬರುತ್ತದೆ. ಮನುಷ್ಯನಿಗೆ ೧ ಎಂದರೂ 1 ಎಂದರೂ ಒಂದೇ. ಕಂಪ್ಯೂಟರಿಗೆ ಅವು ಯೂನಿಕೋಡ್‌ನ ಎರಡು ಬೇರೆ ಚಿಹ್ನೆಗಳು. ಕುತೂಹಲದ ಸಂಗತಿಯೆಂದರೆ ಪೈಥಾನ್ ಭಾಷೆಯಲ್ಲಿ '೧೨' ಎಂದು ಕೊಟ್ಟು ಸಂಖ್ಯೆಯಾಗಿಸು ಎಂದರೆ ಅದು ಹನ್ನೆರಡು ಎಂದು ಸರಿಯಾಗಿ ಅರ್ಥಮಾಡಿಕೊಳ್ಳುತ್ತದೆ. ಬ್ರೌಸರುಗಳ ಜಾವಾಸ್ಕ್ರಿಪ್ಟ್ 'ಇದು ಸಂಖ್ಯೆಯೇ ಅಲ್ಲ' ಎನ್ನುತ್ತದೆ. ಕನ್ನಡದ ಹತ್ತು ಅಂಕಿಗಳನ್ನು ಬದಲಿಸಿಕೊಳ್ಳುವ ಒಂದು ಸಾಲು ಬರೆದರೆ ಮುಗಿಯಿತು. ಸೊನ್ನೆಯ ಜಾಗದಲ್ಲಿ ಅನುಸ್ವಾರ ಬಂದಿದ್ದರೂ ಅದನ್ನು ಸೊನ್ನೆ ಎಂದೇ ತೆಗೆದುಕೊಳ್ಳಬಹುದು. ಅಂಕಿ ಮಾತ್ರ ಇರುವ ಕೀಯಲ್ಲಿ ಅನುಸ್ವಾರಕ್ಕೆ ಬೇರೆ ಅರ್ಥವಿಲ್ಲ.

ಹಳೆಯ, ಯೂನಿಕೋಡ್ ಅಲ್ಲದ ನುಡಿ ಅಕ್ಷರಶೈಲಿಗಳದ್ದು ಇನ್ನೊಂದು ಕಥೆ. ಡೀಲರ್ ಬಿಲ್ಲನ್ನು ಅಂಥ ಫಾಂಟಿನಲ್ಲಿ ಸಿದ್ಧಪಡಿಸಿ, ಇಂಗ್ಲಿಷ್ ಅಕ್ಷರಗಳ ಕೀಯನ್ನು ಅದರಲ್ಲೇ ಅಂಟಿಸಿದರೆ, ಅಚ್ಚಾಗುವುದು ಓದಲಾಗದ ಕನ್ನಡದ ತುಣುಕುಗಳು. ಗ್ರಾಹಕರು ಅದನ್ನು ಎಷ್ಟು ಹೊತ್ತು ದಿಟ್ಟಿಸಿದರೂ ಕೀ ಸಿಗುವುದಿಲ್ಲ.

ಬದಲಿಸಿಕೊಳ್ಳಬೇಕಾದ್ದು ಇಷ್ಟೇ ಅಲ್ಲ. ಮುಂದೆ ಹಿಂದೆ ಸೇರಿಕೊಂಡ ಖಾಲಿ ಜಾಗ, ಅಡ್ಡಗೆರೆಗಳು, ಮೆಸೇಜ್ ಆ್ಯಪ್‌ಗಳು ಉದ್ದ ಮಾಡಿಬಿಟ್ಟ ಅಡ್ಡಗೆರೆಗಳು, ಸಣ್ಣ-ದೊಡ್ಡ ಅಕ್ಷರ: ಎಲ್ಲವನ್ನೂ ಫಾರ್ಮ್ ಮೊದಲು ಸದ್ದಿಲ್ಲದೆ ಸರಿಪಡಿಸಿಕೊಂಡು, ಆಮೇಲೆ ತಾಳೆ ನೋಡಬೇಕು. ಈ ಕ್ರಮ ಮುಖ್ಯ. ತಾಳೆ ಮೊದಲು ನೋಡಿದರೆ ಸರಿಯಾದ ಕೀಯನ್ನೂ ತಪ್ಪು ಎಂದುಬಿಡುತ್ತದೆ.

'ಅಮಾನ್ಯ ಕೀ' ಎಂದರೆ ಏನರ್ಥ?

ಕೀ ಒಪ್ಪಿಗೆಯಾಗದಿರಲು ಕಾರಣಗಳು ಹಲವು, ಪರಿಹಾರಗಳೂ ಬೇರೆ ಬೇರೆ. ತಾಳೆಯಾಗದಿದ್ದರೆ 'ಎಲ್ಲೋ ಒಂದು ಅಂಕಿ ತಪ್ಪಾಗಿರಬಹುದು, ಬಿಲ್ಲಿನೊಂದಿಗೆ ಇನ್ನೊಮ್ಮೆ ಹೋಲಿಸಿ ನೋಡಿ' ಎನ್ನಬೇಕು, ಒತ್ತಿದ್ದನ್ನು ಅಳಿಸಬಾರದು. ಅಂಕಿ ಕಡಿಮೆಯಿದ್ದರೆ '20 ಅಂಕಿ ಬೇಕು, 19 ಬಂದಿವೆ' ಎನ್ನಬೇಕು. ತಾಳೆಯಾಗಿಯೂ ಸರ್ವರಿಗೆ ಆ ಕೀ ಗೊತ್ತಿಲ್ಲವಾದರೆ, ಅದು ಬೇರೆ ತಂತ್ರಾಂಶದ್ದೋ ನಕಲಿಯೋ ಇರಬಹುದು. ಅವಧಿ ಮುಗಿದಿದ್ದರೆ ಯಾವ ತಾರೀಕಿಗೆ ಮುಗಿಯಿತು ಎಂದು ಹೇಳಬೇಕು. ನೆಟ್ ಸಿಗದಿದ್ದರೆ ಅದು ಕೀಯ ತಪ್ಪೇ ಅಲ್ಲ. ಆಗ 'ಸದ್ಯಕ್ಕೆ ಏಳು ದಿನ ಬಳಸಿ, ಸಂಪರ್ಕ ಬಂದಾಗ ಪರೀಕ್ಷಿಸುತ್ತೇವೆ' ಎಂದು ಬಾಗಿಲು ತೆರೆಯಬೇಕು. ತೂಕಕ್ಕೆ ನಿಂತ ಲಾರಿಗಳಿಗೆ ಬೇಕಿರುವುದು ಇದೊಂದೇ.

ಎಲ್ಲಕ್ಕಿಂತ ಹೆಚ್ಚಾಗಿ ಎದುರಾಗುವುದು ನಮ್ಮ ಕಥೆಯಲ್ಲಿನ ಪರಿಸ್ಥಿತಿ: ಕೀ ಸರಿಯಿದೆ, ಆದರೆ ಸರ್ವರಿನ ಪ್ರಕಾರ ಅದು ಈಗಾಗಲೇ ಇನ್ನೊಂದು ಕಂಪ್ಯೂಟರಿನಲ್ಲಿ ಬಳಕೆಯಲ್ಲಿದೆ. ಆ ಇನ್ನೊಂದು ಕಂಪ್ಯೂಟರ್ ಯಾವುದು? ಬೆಳಿಗ್ಗೆ ಸತ್ತುಹೋದ ಅದೇ ಹಾರ್ಡ್ ಡಿಸ್ಕ್. ನಮ್ಮ ವ್ಯಾಪಾರಿಗಳಿಗೆಲ್ಲ ಪರಿಚಿತವಾದ ಬೆಂಗಳೂರಿನ ಟ್ಯಾಲಿಯಲ್ಲಿ ಲೈಸೆನ್ಸನ್ನು 'ಸರೆಂಡರ್' ಮಾಡಿ ಬೇರೆ ಯಂತ್ರಕ್ಕೆ ಒಯ್ಯುವ ವ್ಯವಸ್ಥೆಯಿದೆ. ಆದರೆ ಯಾವುದೇ ತಂತ್ರಾಂಶವಾಗಲಿ, ಹಳೆಯ ಯಂತ್ರ ಆನ್ ಆಗದೇ ಇದ್ದಾಗಲೂ ಲೈಸೆನ್ಸ್ ಬಿಡಿಸಿಕೊಳ್ಳುವ ದಾರಿಯನ್ನು ಅದೇ ಪರದೆಯ ಮೇಲೆ ತೋರಿಸಬೇಕು: ಕೊಂಡಾಗ ಕೊಟ್ಟ ಮೊಬೈಲಿಗೆ ಒಂದು ಓಟಿಪಿ ಕಳಿಸಿದರೆ ಸಾಕು.

ಇಂಥ ದಾರಿ ಸಿಗದಾಗ ಜನ ಏನು ಮಾಡುತ್ತಾರೆ? ಪಕ್ಕದ ಅಂಗಡಿಯ ಹುಡುಗ ಪೆನ್ ಡ್ರೈವಿನಲ್ಲಿ 'ಕ್ರ್ಯಾಕ್' ತಂದು ಹಾಕುತ್ತಾನೆ, ಅದು ಕೀ ಕೇಳುವುದೇ ಇಲ್ಲ. ಹಣ ಕೊಟ್ಟು ಕೊಂಡವರೇ ಹೀಗೆ ಕಳ್ಳ ಪ್ರತಿಗೆ ಮೊರೆಹೋಗುತ್ತಾರೆ. ಕ್ರ್ಯಾಕ್ ಹಾಕುವಾಗ ಆ್ಯಂಟಿವೈರಸ್ ನಿಲ್ಲಿಸಿ ಎಂದು ಹೇಳುವುದುಂಟು. ಲೆಕ್ಕಪತ್ರಗಳನ್ನು ಬೀಗ ಹಾಕಿ ಹಣ ಕೇಳುವ ರ‍್ಯಾನ್ಸಮ್‌ವೇರ್ ಒಳನುಗ್ಗಲು ಅಷ್ಟು ಸಂದು ಸಾಕು.

ಪದಗಳ ಬಗ್ಗೆಯೂ ಒಂದು ಮಾತು. ಫಾರ್ಮನ್ನು ಕನ್ನಡದಲ್ಲಿ ಕೊಡುವವರು 'ಪರವಾನಗಿ ಕೀಲಿ' ಎಂದು ಬರೆದಿರುವುದನ್ನು ನೋಡಿದ್ದೇವೆ. ಅದು ತಪ್ಪಲ್ಲ, ಆದರೆ ಬಿಲ್ಲಿನಲ್ಲಿ 'ಲೈಸೆನ್ಸ್ ಕೀ' ಎಂದಿದ್ದು ಪರದೆಯಲ್ಲಿ ಬೇರೆ ಹೆಸರಿದ್ದರೆ, ಎರಡೂ ಒಂದೇ ಎಂದು ಓದುಗರು ಊಹಿಸಬೇಕಾಗುತ್ತದೆ. ಬಿಲ್ಲಿನಲ್ಲಿ ಯಾವ ಪದವಿದೆಯೋ ಪರದೆಯಲ್ಲೂ ಅದೇ ಇರಲಿ. ಪಕ್ಕದಲ್ಲಿ ಬಿಲ್ಲಿನ ಒಂದು ಪುಟ್ಟ ಚಿತ್ರ ಹಾಕಿ, ಕೀ ಎಲ್ಲಿದೆ ಎಂದು ಬಾಣದ ಗುರುತಿನಿಂದ ತೋರಿಸಿದರೆ ಎಷ್ಟೋ ಫೋನ್ ಕರೆಗಳು ಉಳಿಯುತ್ತವೆ.

ನಿಮ್ಮ ಫಾರ್ಮ್ ಹೇಗಿದೆ ಎಂದು ತಿಳಿಯಲು ದೊಡ್ಡ ಪ್ರಯೋಗಾಲಯ ಬೇಡ. ಒಂದು ಕೀಯನ್ನು ಸಾಧಾರಣ ಪ್ರಿಂಟರಿನಲ್ಲಿ ಮುದ್ರಿಸಿ, ಮಡಿಸಿ, ಒಂದು ವಾರ ಜೇಬಿನಲ್ಲಿಟ್ಟುಕೊಳ್ಳಿ. ಆಮೇಲೆ ಅದನ್ನು ಹೊರತೆಗೆದು, ಗದ್ದಲವಿರುವ ಜಾಗದಲ್ಲಿ ನಿಂತು, ಕಂಪ್ಯೂಟರಿನ ಮುಂದೆ ಕೂತ ಯಾರಿಗಾದರೂ ಫೋನಿನಲ್ಲಿ ಓದಿ ಹೇಳಿ. ಒಂದೇ ಸಲಕ್ಕೆ ತಂತ್ರಾಂಶ ತೆರೆದರೆ ಸರಿ. ತೆರೆಯದಿದ್ದರೆ ಯಾವ ಅಂಕಿಯ ಹತ್ತಿರ ಅವರು 'ಏನಂದ್ರಿ?' ಎಂದು ಕೇಳಿದರು ಎಂಬುದನ್ನು ಬರೆದಿಟ್ಟುಕೊಳ್ಳಿ.